ನೀಲಮ್ಮನ ಓನರು

ನಮ್ಮ ಮನೆ ಓನರ್ ನಂಜುಂಡಪ್ಪನವರು ಮೀನಿಗೂ ಬಾಡಿಗೆದಾರರಿಗೂ ಒಂದೇ ಪ್ರಶ್ನೆಗಳನ್ನು ಕೇಳುತ್ತಿದ್ದರು. ಏನು ತಿನ್ನುತ್ತೀರಿ, ಪಕ್ಕದವರ ಜೊತೆ ಹೊಂದಿಕೊಂಡು ಹೋಗುತ್ತೀರಾ, ಎಷ್ಟು ದೊಡ್ಡದಾಗಿ ಬೆಳೆಯುತ್ತೀರಿ? ಕೊನೆಯದನ್ನು ಮಾತ್ರ ನಮಗೆ ಕೇಳಲಿಲ್ಲ. ಕುರುಬರಹಳ್ಳಿಯ ಅವರ ಮನೆಯ ಮಹಡಿಗೆ ನಾನೂ ಅಮ್ಮನೂ ಬಂದದ್ದು ಈ ಪರೀಕ್ಷೆ ಪಾಸಾಗಿಯೇ. ಮೀನುಗಳ ಪರವಾಗಿ ಅಂಗಡಿಯವನು ಉತ್ತರ ಹೇಳಬೇಕಿತ್ತು, ಪಾಪ.

ಕೆಳಗೆ ಅವರ ಹಾಲ್‌ನಲ್ಲಿ ಟಿವಿ ಇರಬೇಕಾದ ಜಾಗದಲ್ಲಿ ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿ. ಅದರ ಯಜಮಾನಿ ಒಂದು ಜೀವಂತ ಕಪ್ಪೆಚಿಪ್ಪು. ಚಿಪ್ಪು ತೆರೆದರೆ ಅಂಚಿನ ತುಂಬ ಗಾಢ ನೀಲಿ ಮಾಂಸ ರವಿಕೆಯ ಫ್ರಿಲ್ಲಿನಂತೆ ಹರಡಿಕೊಳ್ಳುತ್ತಿತ್ತು. ಅದಕ್ಕೇ ಅವಳು ನೀಲಮ್ಮ. ಕಾರ್ಖಾನೆಯಿಂದ ನಿವೃತ್ತರಾಗಿ, ಹೆಂಡತಿಯನ್ನೂ ಕಳೆದುಕೊಂಡ ಮೇಲೆ ತಾವು ಬೆಳಿಗ್ಗೆ ಏಳುವುದೇ ಅವಳ ಮುಖ ನೋಡಲು ಎಂದು ನಾಚಿಕೆಯಿಲ್ಲದೆ ಹೇಳುತ್ತಿದ್ದರು. ನೀಲಮ್ಮನಿಗೆ ಅನ್ನಕ್ಕಿಂತ ಬೆಳಕು ಮುಖ್ಯ. ಕರೆಂಟು ಹೋದರೂ ಅವಳ ದೀಪ ಆರಬಾರದೆಂದು ಯುಪಿಎಸ್ ಹಾಕಿಸಿದ್ದರು. ನಮ್ಮ ಮೆಟ್ಟಿಲಿನ ಬಲ್ಬನ್ನು ಮಾತ್ರ ನಾವೇ ಬದಲಾಯಿಸಿಕೊಳ್ಳಬೇಕಿತ್ತು.

ಒಮ್ಮೆ ಹಳದಿ ಮೀನೊಂದನ್ನು ತಂದು ಬಿಟ್ಟರು. ನೋಡಲು ಬಲು ಸಾಧು. ಸಂಜೆ ಹೊತ್ತಿಗೆ ಅದು ನೀಲಮ್ಮನ ಅಂಚನ್ನು ಕುಟುಕಿ ಕುಟುಕಿ ರುಚಿ ನೋಡುತ್ತಿತ್ತು. ಮರುದಿನವೇ ಕವರಿನಲ್ಲಿ ನೀರು ತುಂಬಿ ಮೀನನ್ನು ಅದರೊಳಗೆ ಕಟ್ಟಿ, ನನ್ನ ಕೈಗೆ ಕೊಟ್ಟು, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಂಗಡಿಗೆ ಹೊರಟರು. ದಾರಿಯುದ್ದಕ್ಕೂ ಮೀನಿಗೆ ಬುದ್ಧಿವಾದ.

"ಮನೆ ಕೊಟ್ಟೋಳ್ನೇ ಕಚ್ತೀಯಲ್ಲ, ನಿಂಗೆ ಏನ್ ಕಮ್ಮಿ ಮಾಡಿದ್ಲು ಅವ್ಳು?"

ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು ಈ ಬೈಗುಳ ನನಗೇ ಎಂದುಕೊಂಡು ಮರುಕದಿಂದ ನೋಡಿದರು.

ನನ್ನ ಅಮ್ಮ ಸಮುದ್ರ ಕಂಡವಳಲ್ಲ. ತೊಟ್ಟಿಯ ನೀರು ಸಮುದ್ರದ ನೀರಿನಷ್ಟೇ ಉಪ್ಪು ಎಂದು ಓನರ್ ಹೇಳಿದ್ದೇ ತಡ, ಕೈ ಮುಗಿದಿದ್ದಳು. ಬಸ್ಸು ಹೊಳೆ ದಾಟುವಾಗ ಕಿಟಕಿಯಿಂದ ಕಾಸು ಎಸೆಯುವ ಹೆಂಗಸು ಸಮುದ್ರವನ್ನು ಬಿಡುತ್ತಾಳೆಯೇ? ಗೌರಿ ಹಬ್ಬದ ದಿನ ಕೋಸಂಬರಿ ಕೊಡಲು ಕೆಳಗೆ ಹೋದವಳು, ದೇವರ ಮನೆಯಲ್ಲಿಟ್ಟಿದ್ದ ಹಳೇ ತಾಮ್ರದ ಕಾಸೊಂದನ್ನು ತೊಟ್ಟಿಗೆ ಹಾಕಿ ಬಂದಳು. ಯಾರಿಗೂ ಹೇಳಲಿಲ್ಲ.

ಕೆಲವೇ ದಿನಗಳಲ್ಲಿ ನೀಲಮ್ಮ ಬಾಯಿ ಮುಚ್ಚಿದಳು. ತೊಟ್ಟಿಯಲ್ಲಿದ್ದ ಸೀಗಡಿಗಳೂ ಮೂಲೆ ಸೇರಿದವು. ನಂಜುಂಡಪ್ಪನವರು ಉಪ್ಪು ಅಳೆದರು, ನೀರಿನ ಬಿಸಿ ಅಳೆದರು, ಊಟ ಬಿಟ್ಟರು. ಮೀನುಗಳು ಚೆನ್ನಾಗಿದ್ದು ಚಿಪ್ಪು, ಸೀಗಡಿ ಮಾತ್ರ ಬಾಡಿದರೆ ನೀರಿಗೆ ತಾಮ್ರ ಸೇರಿರಬಹುದು, ಹಾಗಾದರೆ ನೀಲಮ್ಮ ಉಳಿಯುವುದು ಕಷ್ಟ ಎಂದು ನನ್ನ ಹತ್ತಿರ ಹೇಳುತ್ತಿದ್ದರು. ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡ ಅಮ್ಮ ಅಳುತ್ತಾ ಇಳಿದು ಬಂದಳು.

"ಅಣ್ಣಾ, ಕಾಸು ಹಾಕ್ದೋಳು ನಾನೇ. ಒಳ್ಳೇದಾಗ್ಲಿ ಅಂತ ಹಾಕ್ದೆ."

"ಯಾರ್ಗೆ?"

"ನಿಮ್ ನೀಲಮ್ಮಂಗೆ."

ಮನೆ ಖಾಲಿ ಮಾಡಿ ಎನ್ನುತ್ತಾರೆಂದೇ ನಾನು ಕಾದೆ. ಅವರು ಕಣ್ಣೊರೆಸಿಕೊಂಡು, ಮರಳಿನಲ್ಲಿ ಹುದುಗಿದ್ದ ಕಾಸನ್ನು ಹುಡುಕಿ ತೆಗೆದು, ಅಮ್ಮನ ಕೈಗೊಂದು ಕೋಲು ಕೊಟ್ಟು ಡ್ರಮ್ಮಿನಲ್ಲಿ ಉಪ್ಪು ಕದಡಲು ಕೂರಿಸಿದರು. ಹಳೇ ನೀರು ತೆಗೆಯುವುದು, ಹೊಸ ನೀರು ತುಂಬುವುದು, ಇಬ್ಬರಿಗೂ ದಿನಾ ಅದೇ ಕೆಲಸ. ಅಮ್ಮ ಕದಡುತ್ತಲೇ ನೀಲಮ್ಮನ ಕ್ಷಮೆ ಕೇಳುತ್ತಿದ್ದಳು. ಆ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ದಿನಗಳಲ್ಲೇ.

ಒಂದು ಬೆಳಿಗ್ಗೆ ಕೆಳಗಿನಿಂದ ಅವರ ಕೂಗು ಕೇಳಿ ಅಮ್ಮ ದೋಸೆಯನ್ನು ಕಾವಲಿಯ ಮೇಲೆಯೇ ಬಿಟ್ಟು ಓಡಿದಳು. ನಾನೂ ಹಿಂದೆಯೇ ಓಡಿದೆ. ಚಿಪ್ಪಿನ ಸಂದಿಯಿಂದ ನೀಲಿ ಅಂಚು ಬೆರಳಗಲ ಇಣುಕುತ್ತಿತ್ತು. ಅರವತ್ತು ದಾಟಿದ ಇಬ್ಬರೂ ತೊಟ್ಟಿಯ ಮುಂದೆ ಮಕ್ಕಳ ಹಾಗೆ ಚಪ್ಪಾಳೆ ತಟ್ಟುತ್ತಿದ್ದರು. ಕರಕಲಾದ ದೋಸೆಯನ್ನು ನಾನು ಖುಷಿಯಾಗಿಯೇ ತಿಂದೆ.

ನಾವು ಕೆಂಗೇರಿಗೆ ಬಂದ ಮೇಲೆ, ಹೋದ ವರ್ಷ, ನಂಜುಂಡಪ್ಪನವರು ತೀರಿಕೊಂಡರು. ತೊಟ್ಟಿ ಈಗ ನೀಲಮ್ಮನ ಸಮೇತ ಮಹಾಲಕ್ಷ್ಮಿ ಲೇಔಟಿನಲ್ಲಿ, ಅವರ ಮಗಳ ಮನೆಯಲ್ಲಿದೆ. ಏನೇ ಅನುಮಾನ ಬಂದರೂ ಆಕೆ ಫೋನ್ ಮಾಡುವುದು ಅಮ್ಮನಿಗೆ. ಮೊನ್ನೆ ಬೆಳಕು, ಉಪ್ಪು ಎಲ್ಲ ವಿಚಾರಿಸಿ, ಇನ್ನೇನಾದರೂ ನೋಡಿಕೊಳ್ಳಬೇಕಾ ಆಂಟಿ ಎಂದು ಕೇಳಿದಳಂತೆ. ಅಮ್ಮ ಹೇಳಿದಳು:

"ನೋಡಕ್ ಬಂದೋರಿಗೆ ಮೊದ್ಲೇ ಹೇಳ್ಬಿಡಮ್ಮ, ಕಾಸು ಹಾಕ್ಬೇಡಿ ಅಂತ. ನಿಮ್ಮಪ್ಪ ಆಗಿದ್ದಕ್ಕೆ ಸುಮ್ನಿದ್ರು."