ಗೋಡೆಯ ಸಂದಿನ ಚಕ್ಕೆಗಳು

ನಾನು ನಿಂತಿದ್ದದ್ದು ಗೋಡೆಯಿಂದ ಹದಿನೆಂಟು ಹೆಜ್ಜೆ ಆಗ್ನೇಯಕ್ಕೆ, ಒಂದು ಮುರುಕು ಕಣಜದ ಅಂಚಿನಲ್ಲಿ. ೧೯೯೯ರ ದೀಪಾವಳಿ ಕಳೆದ ಎರಡನೆಯ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಬಿಸಿಲು ನನ್ನ ಬೆನ್ನಿಗಿತ್ತು. ನನಗೂ ಗೋಡೆಗೂ ನಡುವೆ ಮರವಾಗಲಿ ಮನುಷ್ಯರಾಗಲಿ ಅಡ್ಡವಿರಲಿಲ್ಲ.

ಹೀಗೆ ಅಳತೆ ಹಿಡಿದು ಮಾತಾಡುವುದು ನನ್ನ ಕಸುಬಿನಿಂದ ಅಂಟಿದ ಚಟ. ಚಳ್ಳಕೆರೆಯಲ್ಲಿ ಸರ್ವೇಯರನಾಗಿ ಇಪ್ಪತ್ತೆಂಟು ವರ್ಷ ಹೊಲಗಳ ಮೇಲೆ ಸರಪಣಿ ಎಳೆದಿದ್ದೇನೆ. ಉಪ್ಪಿನ ಭರಣಿ ಎಲ್ಲಿ ಎಂದು ಹೆಂಡತಿ ಕೇಳಿದರೆ ‘ಕಿಟಕಿಯಿಂದ ಎರಡು ಗೇಣು ಪಶ್ಚಿಮಕ್ಕೆ’ ಎನ್ನುತ್ತೇನೆ. ಅವಳು, ‘ದಿಕ್ಕು ಆಮೇಲೆ ಹೇಳೋರಂತೆ, ಮೊದ್ಲು ಎದ್ದು ತಕ್ಕೊಡ್ರಿ’ ಎನ್ನುತ್ತಾಳೆ. ಕರಾರುವಾಕ್ಕಾಗಿ ಹೇಳಿಬಿಟ್ಟರೆ ಮಾಡಬೇಕಾದ ಕೆಲಸ ಮುಗಿಯಿತು ಎಂದುಕೊಳ್ಳುವ ಗುಣ ನನ್ನಲ್ಲಿದೆ. ಅದು ಅಡುಗೆಮನೆಯಲ್ಲಿ ನಗೆಗೆ ಕಾರಣ, ಅಷ್ಟೆ. ಬೇರೆ ಕಡೆ ಅದು ಏನು ಮಾಡಿತು ಎಂಬುದನ್ನು ಹೇಳಲು ಕೂತಿದ್ದೇನೆ. ಆದರೆ ಅದಕ್ಕೆ ಮೊದಲು ಚಕ್ಕೆಗಳ ವಿಷಯ ಹೇಳಬೇಕು.

ಚಕ್ಕೆ ಎಂದರೆ ಕಲ್ಲಿನ ಚೂರು, ಬೆರಳು ದಪ್ಪದ್ದು, ಅಂಗೈ ಅಗಲದ್ದು. ಮನೆಯಲ್ಲಿ ಮಂಚ ಕುಂಟಿದರೆ ಕಾಲಿನಡಿಗೆ ಒಂದು ಚಕ್ಕೆ ತೂರಿಸುತ್ತೇವೆ. ಒರಳು ಅಲ್ಲಾಡಿದರೆ ಒಂದು ಚಕ್ಕೆ. ನನ್ನ ಕಚೇರಿಯ ಮೇಜಿನ ನಾಲ್ಕನೆಯ ಕಾಲಿಗೆ ಮಡಿಸಿಟ್ಟ ಬೀಡಿಕಟ್ಟಿನ ಕಾಗದವೇ ಆಧಾರವಾಗಿತ್ತು. ತಾಲ್ಲೂಕಿನ ಎಷ್ಟೋ ಗಡಿಗಳನ್ನು ನಾನು ಆ ಕಾಗದದ ಭರವಸೆಯ ಮೇಲೆಯೇ ಗೀಚಿದ್ದೇನೆ. ಒಮ್ಮೆ ಕಸ ಗುಡಿಸುವ ಹೆಂಗಸು ಅದನ್ನು ಕಸವೆಂದು ಎತ್ತಿಕೊಂಡು ಹೋದಳು. ಆವತ್ತು ಒಬ್ಬ ರೈತನ ಹೊಲದ ಗೆರೆ ಪಕ್ಕದವನ ಬಾವಿಯನ್ನು ದಾಟಿಹೋಯಿತು. ಅವಳನ್ನು ಬೈದೆ. ಬೈಯುವಾಗ, ಅಂಥ ತಪ್ಪು ನನ್ನಂಥ ತಿಳಿದವನಿಂದ ಆಗದು ಎಂಬ ಧೈರ್ಯ ನನಗಿತ್ತು.

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದು ಗಂಟೆ ನಡೆದರೆ ಒಂದು ಗುಡ್ಡ. ಅದರ ನೆತ್ತಿಯಲ್ಲಿ ಯಾವುದೋ ಸಣ್ಣ ಪಾಳೆಯಗಾರ ಕಟ್ಟಿಸಿದ ಕೋಟೆ. ದೊಡ್ಡ ಕೋಟೆಗಳ ಹಾಗೆ ಅದಕ್ಕೆ ಕಥೆಗಳಿಲ್ಲ, ಟಿಕೆಟ್ಟಿಲ್ಲ, ಊರವರ ಬಾಯಲ್ಲಿ ‘ಕೋಟೆಗುಡ್ಡ’ ಎಂಬುದಕ್ಕಿಂತ ಹೆಚ್ಚಿನ ಹೆಸರಿಲ್ಲ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಒಂದು ಹೊಂಡ, ಎರಡು ಕಣಜ. ೧೯೯೬ರಿಂದ ನಾವು ಮೂರು ಜನ ಭಾನುವಾರಗಳಂದು ಅಲ್ಲಿಗೆ ಹೋಗಿ ಜಾಲಿ ಕಡಿಯುವುದು, ಹೊಂಡದ ಹೂಳೆತ್ತುವುದು ಮಾಡುತ್ತಿದ್ದೆವು. ನಾನು ಒಬ್ಬ. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದ ರುದ್ರಮುನಿ ಮೇಷ್ಟ್ರು ಇನ್ನೊಬ್ಬರು. ಮೂರನೆಯವನು ಚಳ್ಳಕೆರೆಯಲ್ಲಿ ಲಾರಿ ರಿಪೇರಿ ಅಂಗಡಿ ಇಟ್ಟಿದ್ದ ಇನಾಯತ್. ನಮ್ಮಿಬ್ಬರಿಗೆ ಕೋಟೆಯ ಬಗ್ಗೆ ಮಾತಾಡಲು ಬರುತ್ತಿತ್ತು, ಅವನಿಗೆ ಹಾರೆ ಹಿಡಿಯಲು ಬರುತ್ತಿತ್ತು. ಹೀಗಾಗಿ ಕೆಲಸವೆಲ್ಲ ಅವನದೇ. ವರ್ಷಕ್ಕೆ ಎರಡು ಸಲ ಸುತ್ತಲ ಊರುಗಳ ಜನರನ್ನು ಕರೆದು ಅಲ್ಲೇ ಬೇವಿನ ನೆರಳಲ್ಲಿ ಕೂರಿಸಿ ಅವರ ನೆಲದ ಚರಿತ್ರೆಯನ್ನು ಅವರಿಗೇ ಹೇಳುತ್ತಿದ್ದೆವು.

ಹೇಳುವಾಗ ಮೇಷ್ಟ್ರು ಬ್ರಹ್ಮಗಿರಿಯ ಬಂಡೆಯ ಪ್ರಸಂಗವನ್ನು ತಪ್ಪದೆ ತರುತ್ತಿದ್ದರು. ಅಶೋಕನ ಶಾಸನವಿರುವ ಆ ಬಂಡೆಯನ್ನು ಹಿಂದೆ ಊರವರು ಅಕ್ಷರದ ಗುಂಡು ಎಂದು ಕರೆದು, ಓದಲು ಬಾರದೆ ಕೈಮುಗಿದು, ಅದರಿಂದ ರೋಗ ವಾಸಿಯಾಗುತ್ತದೆಂದು ನಂಬಿದ್ದರಂತೆ. ಜನ ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಕೈಮುಗಿದದ್ದಕ್ಕೇ ಆ ಬಂಡೆಯನ್ನು ಯಾರೂ ಮನೆ ಕಟ್ಟಲು ಒಡೆದುಕೊಂಡು ಹೋಗದೆ ಉಳಿಯಿತೇನೋ ಎಂಬುದು ನಮಗೆ ಹೊಳೆಯಲಿಲ್ಲ.

ನಮ್ಮ ಗುಡ್ಡದಲ್ಲೂ ಅಂಥದೊಂದು ನಡೆವಳಿಕೆ ಇತ್ತು. ಹತ್ತುವವರು ಬುಡದಲ್ಲಿ ಒಂದು ಚಕ್ಕೆ ಆರಿಸಿಕೊಳ್ಳಬೇಕು. ಮೇಲೆ ಬಂದು ಗೋಡೆಯ ಯಾವುದಾದರೂ ಸಂದಿಗೆ ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಬೇಕು. ಕೂತರೆ ನೆನೆಸಿದ್ದು ಆಗುತ್ತದೆ. ಬಿದ್ದರೆ ಇನ್ನೊಂದು ಸಂದು ಹುಡುಕಬೇಕು. ಕುರಿ ಕಾಯುವವರು, ಹುಲ್ಲಿಗೆ ಬರುವವರು, ಮದುವೆಯಾದ ಹೊಸತರಲ್ಲಿ ಬರುವವರು ಎಲ್ಲರೂ ಹಾಗೆ ಮಾಡುತ್ತಿದ್ದರು. ಎಷ್ಟು ತಲೆಮಾರಿನಿಂದಲೋ ತಿಳಿಯದು. ಗೋಡೆಯ ಮೈತುಂಬ ಚಕ್ಕೆಗಳು.

ಆ ನವೆಂಬರಿನ ಕಾರ್ಯಕ್ರಮಕ್ಕೆ ನಾನು ಗೋಡೆಯ ನಕ್ಷೆ ಬರೆಯಬೇಕೆಂದು ಹೊರಟೆ. ಪ್ರತಿಯೊಂದು ಕಲ್ಲನ್ನೂ ಅದರ ಅಳತೆಯಲ್ಲಿ, ಕಟ್ಟಿದವನು ಇಟ್ಟ ಹಾಗೆ ತೋರಿಸುವ ನಕ್ಷೆ. ಚಕ್ಕೆಗಳು ಅಡ್ಡ ಬಂದವು. ಕಲ್ಲಿನ ಗೆರೆ ಎಲ್ಲಿ ಮುಗಿಯುತ್ತದೆ, ಹರಕೆ ಎಲ್ಲಿ ಶುರುವಾಗುತ್ತದೆ ತಿಳಿಯುತ್ತಿರಲಿಲ್ಲ. ಇವನ್ನೆಲ್ಲ ಕಿತ್ತು ಗೋಡೆಯನ್ನು ಮೂಲ ಸ್ಥಿತಿಗೆ ತರೋಣ ಎಂದೆ. ಹೇಳಿದವನು ನಾನು. ಮೇಷ್ಟ್ರು ಹೌದೆಂದರು.

ಪೊರಕೆಹುಲ್ಲಿಗೆ ಗುಡ್ಡಕ್ಕೆ ಬರುತ್ತಿದ್ದ ಪಾಪಕ್ಕ ಎಂಬ ಮುದುಕಿ ನಾವು ಕೀಳಲು ಶುರುಮಾಡಿದ್ದನ್ನು ನೋಡಿ ಹೊರೆ ಇಳಿಸಿ ನಿಂತಳು. ಆಂಧ್ರದ ಗಡಿಯ ಹಳ್ಳಿಯವಳು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು.

‘ವದ್ದು ಸಾಮೀ, ಅವನ್ನ ಕೀಳಬ್ಯಾಡ್ರಿ. ಅವು ಗ್ವಾಡೆ ಹಲ್ಲು.’

‘ನಿನ್ ಬಾಯಾಗೆ ಎಷ್ಟ್ ಅದಾವಜ್ಜಿ ಹಲ್ಲು?’ ಎಂದು ಇನಾಯತ್ ಕೆಣಕಿದ.

‘ನನ್ವು ಉದುರಿದ್ಕೇ ಹೇಳ್ತಿರಾದು ಕಣಪ್ಪ. ಉದುರಿದ್ರೆ ಮಕ ಒಳೀಕ್ ಬೀಳ್ತೈತೆ, ನೋಡು.’ ಅವಳು ಕೆನ್ನೆ ಹಿಡಿದು ತೋರಿಸಿದಳು.

ಎಲ್ಲರೂ ನಕ್ಕೆವು. ಅವಳು ಹೋದ ಮೇಲೆ ಇನಾಯತ್ ಮಾತ್ರ ಸ್ವಲ್ಪ ಹೊತ್ತು ಸಂದಿಯೊಂದರಲ್ಲಿ ಬೆರಳಾಡಿಸಿದ. ಆಮೇಲೆ ನನ್ನ ಕಡೆ ತಿರುಗಿದ.

‘ಸರ್ವೇಯರ್ ಸಾಬ್, ಗಾಡಿಯಾಗೂ ಹಿಂಗೇ ಸಣ್ ಸಣ್ ಪ್ಯಾಕಿಂಗ್ ಇರ್ತಾವೆ. ಮುದುಕಿ ಹೇಳಾದು ಖರೆ ಇರ್ಬೋದು.’

‘ಇದು ಲಾರಿ ಅಲ್ಲ ಇನಾಯತ್, ಚರಿತ್ರೆ. ಎಣ್ಣೆ ಸೋರಲ್ಲ’ ಎಂದೆ. ಆ ಮಾತು ನನಗೆ ಬಹಳ ಚೆನ್ನಾಗಿದೆ ಅನ್ನಿಸಿತ್ತು. ಅದೇ ಸಂಜೆ ಮನೆಯಲ್ಲೂ ಹೇಳಿದೆ.

ಮೂರು ಭಾನುವಾರ ಕಿತ್ತೆವು. ಒಟ್ಟು ಹನ್ನೊಂದು ಬುಟ್ಟಿ. ಇಳಿಜಾರಿಗೆ ಸುರಿದೆವು. ಗೋಡೆ ತೊಳೆದಿಟ್ಟ ಹಾಗೆ ಚೆಲುವಾಗಿ ಕಂಡಿತು. ಅಷ್ಟು ಒಳ್ಳೆಯ ನಕ್ಷೆಯನ್ನು ನಾನು ಮತ್ತೆಂದೂ ಬರೆದಿಲ್ಲ.

ಕಾರ್ಯಕ್ರಮದ ದಿನ ಜನ ಬೇವಿನ ಕೆಳಗೆ ಕೂತಿದ್ದರು, ಅವರ ನಡುವೆ ಪಾಪಕ್ಕನೂ ಇದ್ದಳು. ಮೈಕ್ ಸೆಟ್ಟಿನ ಪಾಲಯ್ಯ ಬ್ಯಾಟರಿಗೆ ತಂತಿ ಸಿಕ್ಕಿಸುತ್ತಿದ್ದ. ಬಟ್ಟೆಯ ಬ್ಯಾನರಿನ ಒಂದು ತುದಿಯನ್ನು ಬೇವಿಗೆ ಕಟ್ಟಿ ಆಗಿತ್ತು. ಇನ್ನೊಂದು ತುದಿಗೆ ಆಸರೆ ಬೇಕಿತ್ತು. ಇನಾಯತ್ ಒಂದು ಕಬ್ಬಿಣದ ಗೂಟ ತಂದು, ತಲೆಗಿಂತ ಒಂದು ಮೊಳ ಮೇಲಿನ ಸಂದಿಗೆ ಇಟ್ಟು, ಸುತ್ತಿಗೆಯಿಂದ ಮೂರು ಪೆಟ್ಟು ಹೊಡೆದ. ಸುತ್ತಿಗೆಯನ್ನು ಕೆಳಗಿಟ್ಟ. ಹಗ್ಗ ಕಟ್ಟಿದ. ಗಂಟು ಎಳೆದು ನೋಡಿದ. ಮೇಷ್ಟ್ರು ಅಷ್ಟರಲ್ಲಿ ‘ಆತ್ಮೀಯರೇ’ ಎಂದು ಶುರುಮಾಡಿ, ಮೈಕು ಕೂಗಿಕೊಂಡದ್ದರಿಂದ ನಿಲ್ಲಿಸಿ, ಮತ್ತೆ ಶುರುಮಾಡಿದ್ದರು. ಕೊನೆಯ ಪೆಟ್ಟಿಗೂ ಮುಂದೆ ನಡೆದದ್ದಕ್ಕೂ ನಡುವೆ ಅಷ್ಟು ಹೊತ್ತು ಕಳೆದಿತ್ತು.

ಮೊದಲು ಬಿದ್ದದ್ದು ಮಣ್ಣು. ಇನಾಯತನ ಮೊಣಕಾಲಿನ ಎತ್ತರದಲ್ಲಿ, ಗೂಟಕ್ಕಿಂತ ಐದು ಸಾಲು ಕೆಳಗೆ, ನಾವು ಬರಿದು ಮಾಡಿದ್ದ ಒಂದು ಸಂದಿಯಿಂದ ಸಣ್ಣ ಧಾರೆಯಾಗಿ ಸುರಿಯಿತು. ನಾನು ಅದನ್ನು ನೋಡಿದೆ. ಏನೆಂದು ಅರ್ಥವಾಗಲಿಲ್ಲ. ಇನಾಯತ್ ಬಗ್ಗಿ ನೋಡಿ, ಓಡಿಹೋಗುವ ಬದಲು ಬಲಗೈಯನ್ನು ಗೋಡೆಯ ಮೇಲಿಟ್ಟ. ಎಂಜಿನ್ನಿನ ಒಳಗೆ ಏನಾಗಿದೆ ಎಂದು ತಿಳಿಯಲು ಬಾನೆಟ್ಟಿನ ಮೇಲೆ ಕೈಯಿಡುತ್ತಿದ್ದ ಹಾಗೆಯೇ. ಗೋಡೆಯ ಹೊಟ್ಟೆ ಮುಂದಕ್ಕೆ ಬಂತು. ಕೂಗಲು ನನಗೆ ಸಮಯವಿತ್ತೇ ಎಂದು ಈ ಎಂಟು ವರ್ಷ ಲೆಕ್ಕ ಹಾಕಿದ್ದೇನೆ. ಒಂದು ಶಬ್ದದಷ್ಟು ಸಮಯವಿತ್ತು. ನಾನು ಕೂಗಲಿಲ್ಲ.

ಕಲ್ಲು ಸರಿಸಿ ಅವನನ್ನು ಹೊರಗೆ ತೆಗೆಯಲು ನಲವತ್ತು ಜನರಿಗೆ ಅರ್ಧ ಗಂಟೆ ಹಿಡಿಯಿತು. ತೆಗೆಯುವ ಮೊದಲೇ ಉಸಿರು ನಿಂತಿತ್ತು. ತಲೆಯೆತ್ತಿದಾಗ ನಾವು ಇನ್ನೊಂದನ್ನು ನೋಡಿದೆವು. ಗೋಡೆಯ ಕೆಳಭಾಗ ಮಾತ್ರ ಕುಸಿದಿತ್ತು. ಮೇಲಿನ ಸಾಲುಗಳು ಒಂದಕ್ಕೊಂದು ಆತುಕೊಂಡು ಕಮಾನಿನ ಹಾಗೆ ನಿಂತಿದ್ದವು. ಅದರಲ್ಲಿ ಆ ಗೂಟ ಅಲ್ಲಾಡದೆ ಕೂತಿತ್ತು. ಹಗ್ಗವೂ ಇತ್ತು. ಬ್ಯಾನರು ಗಾಳಿಗೆ ಬಡಿದುಕೊಳ್ಳುತ್ತಿತ್ತು.

ಮಾರನೆಯ ದಿನ ಆ ಕಮಾನನ್ನು ಅಪಾಯವೆಂದು ಕೆಡವಿದರು. ಕೆಡವಿದ್ದು ಸರಿಯೇ. ಗೂಟವೂ ಕಲ್ಲುಗಳ ಜೊತೆ ಬಿತ್ತು.

ಪೊಲೀಸಿನವರು ಕೇಳಿದರು, ಸತ್ತವನು ಏನು ಮಾಡುತ್ತಿದ್ದ? ಗೋಡೆಗೆ ಗೂಟ ಹೊಡೆದಿದ್ದ, ಎಂದೆ. ಎಷ್ಟು ಪೆಟ್ಟು? ಮೂರು. ಯಾವ ಎತ್ತರದಲ್ಲಿ? ಹೇಳಿದೆ. ನೀವೆಲ್ಲಿದ್ದಿರಿ? ಹದಿನೆಂಟು ಹೆಜ್ಜೆ ಆಗ್ನೇಯಕ್ಕೆ. ನನ್ನ ಹೇಳಿಕೆಯಲ್ಲಿ ಒಂದು ಸುಳ್ಳೂ ಇಲ್ಲ. ಇಷ್ಟು ನಿಖರವಾಗಿ ಹೇಳುವ ಸಾಕ್ಷಿ ಅಪರೂಪ ಎಂದು ಬರೆದುಕೊಳ್ಳುತ್ತಿದ್ದವರು ಮೆಚ್ಚಿದರು. ಚಕ್ಕೆಗಳ ಬಗ್ಗೆ ಯಾರೂ ಕೇಳಲಿಲ್ಲ. ಹೊರಗೆ ಬಂದಾಗ ಮೇಷ್ಟ್ರು ನನ್ನ ಮುಖ ನೋಡದೆ, ಕೇಳಿದ್ದಕ್ಕೆ ತಾನೇ ಉತ್ತರ ಕೊಡೋದು, ಎಂದರು.

ಊರು ಮಿಕ್ಕಿದ್ದನ್ನು ತಾನೇ ಪೂರ್ತಿ ಮಾಡಿಕೊಂಡಿತು. ಕೋಟೆಗೆ ಗೂಟ ಹೊಡೆದು ಕೆಡವಿದ ಸಾಬ, ಎಂದಿತು. ನಾಲ್ಕು ವರ್ಷ ರಜೆಯಿಲ್ಲದೆ ಅದೇ ಗೋಡೆಯ ಜಾಲಿ ಕಡಿದವನ ಹೆಸರು ಬಜಾರಿನಲ್ಲಿ ಹಾಗಾಯಿತು. ಅಂಗಡಿಯನ್ನು ಅವನ ತಮ್ಮ ನೋಡಿಕೊಂಡ. ಲಾರಿಯವರು ತಮಾಷೆಗೆ, ಸುತ್ತಿಗೆ ಮೆತ್ತಗೆ ಹಾಕಪ್ಪ, ನಿಮ್ ಮನೆತನದ ಕೈ ಭಾರ, ಎನ್ನುತ್ತಿದ್ದರಂತೆ. ಅವನ ಹೆಂಡತಿ ಜೈನಬ್ ಬೀ ನಲವತ್ತನೆಯ ದಿನಕ್ಕೆ ನನ್ನನ್ನು ಕರೆಸಿ, ಅವರ ಕೈಯಿಂದಲೇ ಬಿತ್ತಾ ಎಂದು ಕೇಳಿದಳು. ಗೂಟ ಹೊಡೆದದ್ದು ನಿಜ ಎಂದೆ. ಅದೂ ಸುಳ್ಳಲ್ಲ. ಅವಳು ಟೀ ಕೊಟ್ಟಳು. ಕುಡಿದೆ.

ನಾವು ಗುಡ್ಡಕ್ಕೆ ಹೋಗುವುದನ್ನು ಬಿಟ್ಟೆವು. ಜನವೂ ಬಿಟ್ಟರು. ಈ ವರ್ಷ, ೨೦೦೭ರಲ್ಲಿ, ಹೊಸ ಗೆಳೆಯರ ಗುಂಪೊಂದು ಕೋಟೆಯ ಕೆಲಸ ಮತ್ತೆ ಹಿಡಿದಿದೆ. ಹುರುಪಿನವರು, ಓದಿಕೊಂಡವರು. ಬಾಗಿಲಲ್ಲಿ ಒಂದು ಕಲ್ಲಿನ ಫಲಕ ಹಾಕುತ್ತಾರಂತೆ. ಅದರ ಬರಹವನ್ನು ತಿದ್ದಿಕೊಡಿ, ನೀವು ಕಣ್ಣಾರೆ ಕಂಡವರು, ಎಂದು ನನ್ನ ಬಳಿ ತಂದರು. ಅದರಲ್ಲಿ ಹೀಗಿತ್ತು: ಗೋಡೆಗೆ ಮೊಳೆ, ಗೂಟ ಹೊಡೆಯಬೇಡಿ. ಹಿಂದೆ ಒಬ್ಬ ಕಾರ್ಯಕರ್ತ ಹೊಡೆದ ಗೂಟದಿಂದ ಈ ಭಾಗ ಕುಸಿದು ಅವನೂ ಸತ್ತ.

ಮಾತು ಗಾಳಿಯಲ್ಲಿ ಹೋಗುತ್ತದೆ ಎಂದುಕೊಂಡು ಎಂಟು ವರ್ಷ ಸುಮ್ಮನಿದ್ದವನು ನಾನು. ಕಲ್ಲಿನಲ್ಲಿ ಕೆತ್ತುತ್ತಾರೆ ಎಂದಾಗ ಪೆನ್ನು ಕೆಳಗಿಟ್ಟು ಜೈನಬ್ ಬೀಯ ಮನೆಗೆ ಹೋದೆ. ಚಕ್ಕೆಯಿಂದ ಹಿಡಿದು ಕಮಾನಿನ ತನಕ ಎಲ್ಲವನ್ನೂ ಹೇಳಿದೆ. ಹೇಳುವಾಗ ಎಷ್ಟು ಬುಟ್ಟಿ, ಎಷ್ಟು ಸಾಲು ಎಂದು ಅಲ್ಲೂ ಅಳತೆ ಸೇರಿಸಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ನಿಲ್ಲಿಸಲಿಲ್ಲ.

‘ನನ್ಗ್ಯಾಕ್ ಹೇಳ್ತೀರಿ ಸಾಬ್?’ ಎಂದಳು. ‘ನಾನು ಒಂದಿನಾನೂ ನಂಬ್ಲಿಲ್ಲ. ನಂಬಿದೋರೆಲ್ಲ ಹೊರ್ಗೆ ಅವ್ರೆ. ಅವ್ರಿಗೆ ಹೇಳ್ರಿ.’

ಈ ಸಲ ಟೀ ಕೊಡಲಿಲ್ಲ. ಬಾಗಿಲ ತನಕ ಬಂದು, ಬಿಸಿಲು ಜೋರೈತೆ, ಛತ್ರಿ ತರಬೇಕಿತ್ತು, ಎಂದಳು.

ಫಲಕದ ಹಾಳೆಯಲ್ಲಿ ಆ ಎರಡನೆಯ ಸಾಲನ್ನು ಹೊಡೆದುಹಾಕಿ, ಗೋಡೆಯ ಚಕ್ಕೆಗಳನ್ನು ಈ ಊರಿನ ಸರ್ವೇಯರನ ಮಾತು ಕೇಳಿ ಕಿತ್ತದ್ದರಿಂದ ಕುಸಿಯಿತು, ಇನಾಯತ್ ಎಂಬಾತ ಅದರಡಿಯಲ್ಲಿ ಸತ್ತ, ಎಂದು ಬರೆದು ಕೊಟ್ಟೆ. ಗೆಳೆಯರು ಅನುಮಾನದಿಂದ ನೋಡಿದರು. ವಯಸ್ಸಾದವರು ಸತ್ತವರ ಮೇಲಿನ ಮರುಕಕ್ಕೆ ಹೀಗೆ ಹೇಳುತ್ತಾರೆ ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಗೋಡೆ ಇಲ್ಲ, ಗೂಟ ಇಲ್ಲ, ಪೊಲೀಸಿನ ಕಾಗದದಲ್ಲಿ ನನ್ನದೇ ರುಜುವಿನ ನಿಖರವಾದ ಹೇಳಿಕೆ ಇದೆ. ಅದರೆದುರು ನನ್ನ ಈಗಿನ ಮಾತು ತೂಗುವುದು ಕಷ್ಟ. ಆದ್ದರಿಂದ ನಂಬಬೇಡಿ, ವಿಚಾರಿಸಿ.

ಕುಸಿದ ಮೇಲೂ ಗೂಟ ಗೋಡೆಯಲ್ಲೇ ನಿಂತಿದ್ದನ್ನು ನನ್ನ ಜೊತೆ ನೋಡಿ, ಈ ಹೊತ್ತಿಗೂ ಬದುಕಿರುವವರಲ್ಲಿ ಮೂವರನ್ನು ನಾನು ಬಲ್ಲೆ. ರುದ್ರಮುನಿ ಮೇಷ್ಟ್ರು ನಿವೃತ್ತರಾಗಿ ನಾಯಕನಹಟ್ಟಿಯಲ್ಲಿದ್ದಾರೆ; ಮೊದಲು ಬೇರೆ ಮಾತು ತೆಗೆಯುತ್ತಾರೆ, ಸ್ವಲ್ಪ ಕಾಯಬೇಕು. ಮೈಕ್ ಸೆಟ್ಟಿನ ಪಾಲಯ್ಯ ಮೊಳಕಾಲ್ಮುರಿನಲ್ಲಿ ಈಗಲೂ ಅದೇ ಅಂಗಡಿ ನಡೆಸುತ್ತಿದ್ದಾನೆ; ಬ್ಯಾನರು ಬಿಚ್ಚಲು ಹೋಗಿ ಹೆದರಿ ವಾಪಸ್ಸಾದವನು ಅವನೇ. ಮೂರನೆಯವಳು ಪಾಪಕ್ಕ. ಗುಡ್ಡದ ಆಚೆ ಮಗಳ ಮನೆಯಲ್ಲಿದ್ದಾಳೆ. ಕಿವಿ ಮಂದವಾಗಿದೆ, ಜೋರಾಗಿ ಕೇಳಿ. ಬೇಗ ಹೋಗಿ ಕೇಳಿ.