ಮಾವನ ಡಿಸ್ಕ್ ಬ್ರೇಕು, ಸಂಡೂರಿನ ಇಳಿಜಾರು

ಕಾರು ಇಳಿಜಾರಿನಲ್ಲಿ ಓಡುತ್ತಿತ್ತು. ನಮ್ಮ ಮಾವ ಎರಡೂ ಕಾಲಲ್ಲಿ ಬ್ರೇಕ್ ಒತ್ತುತ್ತಿದ್ದರು, ಕಾರಿಗೆ ಮಾತ್ರ ನಿಲ್ಲುವ ಮನಸ್ಸೇ ಇರಲಿಲ್ಲ.

ಹಿಂದಿನ ಸೀಟಿನಲ್ಲಿ ನಾನು, ತುಂಬು ಬಸುರಿ.

ತೊಂಬತ್ತರ ದಶಕದ ಮಾತು. ಕಂಪ್ಲಿಯಲ್ಲಿ ಮಾವನದು ರೈಸ್ ಮಿಲ್ಲು. ಕಾಲುವೆ ನೀರಿನಿಂದ ಭತ್ತ ಬಂತು, ಭತ್ತದಿಂದ ಒಂದು ಹಳೇ ಅಂಬಾಸಿಡರ್ ಬಂತು. ಜಿಪುಣತನ ಮಾತ್ರ ಅವರಿಗೆ ಹುಟ್ಟಿನಿಂದಲೇ ಬಂದಿತ್ತು.

ಅಂಥವರು, ಮೊದಲ ಮೊಮ್ಮಗು ಬರುತ್ತದೆಂದು ತಿಳಿದದ್ದೇ ತಡ, ಹಳೇ ಡ್ರಮ್ ಬ್ರೇಕ್ ತೆಗೆಸಿ, ಇನ್ನೂ ಗಟ್ಟಿಯಾಗಿ ಹಿಡಿಯುವ ಡಿಸ್ಕ್ ಬ್ರೇಕ್ ಹಾಕಿಸಲು ಹೊಸಪೇಟೆಯ ಗ್ಯಾರೇಜಿಗೆ ಹೊರಟರು.

"ನಮ್ಮ ಸೊಸಿ ಕುಂದ್ರೋ ಗಾಡಿ ಐತಿ. ಭಾಳ ಚಲೋದು ಹಾಕು" ಅಂದರಂತೆ. ಅಷ್ಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ 'ಚಲೋದು ಹಾಕು' ಎಂಬ ಮಾತು ಬಂದದ್ದನ್ನು ಅತ್ತೆ ಕೇಳಿದ್ದು ಅದೇ ಮೊದಲು!

ಮುಂದಿನ ಚಕ್ರಗಳಿಗೆ ಡಿಸ್ಕ್ ಬಂತು. ಪೆಡಲ್ ಹಗುರಾಗಲಿ ಎಂದು ಬೂಸ್ಟರೂ ಬಂತು. ಹಿಂದಿನ ಚಕ್ರಗಳಲ್ಲಿ ಹಳೇ ಡ್ರಮ್ಮೇ ಉಳಿಯಿತು.

"ಸಾವ್ಕಾರ್ರ, ಎಂಜಿನ್ ಬಂದ್ ಮಾಡಿ ಗಾಡಿ ಬಿಡಬ್ಯಾಡ್ರಿ. ಬೂಸ್ಟರ್ ಕೆಲಸ ಮಾಡಂಗಿಲ್ಲ, ಪೆಡಲ್ ಕಲ್ಲಾಗ್ತೈತಿ" ಎಂದು ಮೆಕ್ಯಾನಿಕ್ ಹೇಳಿದ್ದನಂತೆ. ಮಾವ ಆಗ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವ ಮಹತ್ಕಾರ್ಯದಲ್ಲಿ ಮುಳುಗಿದ್ದರು.

ನಾನು ಸಂಡೂರಿನ ತವರಲ್ಲಿದ್ದೆ. ಹೊಸಪೇಟೆಯ ಡಾಕ್ಟರಿಗೆ ತೋರಿಸಲು ಮಾವ, ಅತ್ತೆ ಬಂದು ಕರೆದುಕೊಂಡು ಹೊರಟರು.

ಘಾಟಿನ ಇಳಿಜಾರು ಬಂತು... ಮಾವ ಹಳೇ ಚಾಳಿಯಂತೆ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದರು.

"ಗಾಡಿ ತಾನ ಇಳೀತೈತಿ, ಪೆಟ್ರೋಲ್ ಯಾಕ ಸುಡಬೇಕವ್ವ?"

ಮೊದಲ ತಿರುವು ಮಸ್ತ್. ಎರಡನೆಯದೂ ಪರವಾಗಿಲ್ಲ. ಆಮೇಲೆ ಪೆಡಲ್ ನಿಜಕ್ಕೂ ಕಲ್ಲಾಯಿತು.

ಮುಂದೆ ಅದಿರು ತುಂಬಿದ ಲಾರಿ ನಿಧಾನಕ್ಕೆ ಇಳಿಯುತ್ತಿದೆ. ನಮ್ಮದು ನಿಧಾನವಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ಕಣ್ಣು ಮುಚ್ಚಿದ್ದೇನೆ, ಮಾವ ಇದ್ದಬದ್ದ ದೇವರನ್ನೆಲ್ಲ ಕೂಗುತ್ತಿದ್ದಾರೆ.

"ದೇವ್ರನ್ನ ಆಮ್ಯಾಲೆ ಕರೀರಿ, ಮೊದ್ಲು ಹ್ಯಾಂಡ್‌ಬ್ರೇಕ್ ಎಳೀರಿ!" ಅತ್ತೆ ಕಿರುಚಿದರು. ಅವರಿಗೆ ಡ್ರೈವಿಂಗ್ ಬರುವುದಿಲ್ಲ. ಮಿಲ್ಲಿನ ಮುಂದಿನ ಇಳಿಜಾರಿನಲ್ಲಿ ಮಾವ ದಿನಾ ಅದನ್ನು ಎಳೆದು ಕಾರು ನಿಲ್ಲಿಸುವುದನ್ನು ನೋಡಿದ್ದರು, ಅಷ್ಟೇ.

ಮಾವ ಎಳೆದರು. ಕಾರು ಕಿರ್ರ್ ಎನ್ನುತ್ತಾ ಲಾರಿಯ ಬೆನ್ನಿಗೆ ಮಾರು ದೂರದಲ್ಲಿ ನಿಂತಿತು.

ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಅಂದರೆ ನನ್ನನ್ನೂ ಮಗುವನ್ನೂ ಉಳಿಸಿದ್ದು ಬದಲಿಸದೆ ಬಿಟ್ಟ ಹಳೇ ಡ್ರಮ್ಮು.

ಮಾವ ಕಂಪ್ಲಿ ತುಂಬಾ ಹೇಳಿಕೊಂಡು ತಿರುಗಿದ್ದು: "ಡಿಸ್ಕ್ ಹಾಕ್ಸಿದ್ದೆ, ಅದಕ್ಕ ಉಳಿದ್ವಿ ನೋಡ್ರಿ!" ಅತ್ತೆ ಪಕ್ಕದಲ್ಲೇ ನಿಂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಹೆರಿಗೆಯ ದಿನ ಅದೇ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ನನ್ನನ್ನು ಇಳಿಸಿ ಕಾರು ಗೇಟಿನ ಪಕ್ಕ ನಿಲ್ಲಿಸಿದ ಮಾವ ಎಂಜಿನ್ ಬಂದ್ ಮಾಡಲೇ ಇಲ್ಲವಂತೆ. ಹೆಣ್ಣು ಮಗು ಎಂದು ಅತ್ತೆ ಬಂದು ಹೇಳುವವರೆಗೂ ಸ್ಟೇರಿಂಗ್ ಹಿಡಿದು ಕೂತೇ ಇದ್ದರಂತೆ, ಪೆಟ್ರೋಲು ಉರಿಯುತ್ತಲೇ ಇತ್ತಂತೆ.

ಇಳಿಜಾರಿನಲ್ಲೂ ಪೆಟ್ರೋಲ್ ಉಳಿಸುವ ಮನುಷ್ಯ ನಿಂತ ಕಾರಿನಲ್ಲಿ ಅದನ್ನು ಸುಟ್ಟರೆ, ನಿಮ್ಮ ಮನೆಯಲ್ಲಿ ಅದಕ್ಕೆ ಏನಂತೀರಿ?