ಬಿರುಕಿಲ್ಲದ ಬೂದಿ

ನಮ್ಮ ಅತ್ತಿಗೆ ತಲೆ ತಗ್ಗಿಸಿಕೊಂಡೇ ನಡೀತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ನೋಡಿದವರೆಲ್ಲ 'ಎಷ್ಟು ನಾಚಿಕೆ ಪಾಪ!' ಅಂದರು. ನಾಚಿಕೆಯೂ ಇಲ್ಲ, ಮಣ್ಣೂ ಇಲ್ಲ. ಅವಳು ನೆಲದ ಬಿರುಕು ನೋಡ್ತಾಳೆ. ತವರಲ್ಲಿದ್ದಾಗಿನಿಂದಲೂ ಬೂದಿ ಕೆರೆಯ ಮೇಲೆ ದುಡಿದವಳು, ಅಂಥವರಿಗೆ ಅದು ಅಂಟಿದ ಚಟ. ನನಗಿಂತ ಒಂದೇ ವರ್ಷ ದೊಡ್ಡವಳು, ಅದಕ್ಕೇ ನಮ್ಮಿಬ್ಬರ ನಡುವೆ ಬಹುವಚನ ಇಲ್ಲ. ಜಗಳ ಬೇಕಾದಷ್ಟಿದೆ.

ಕೆರೆ ಅಂದರೆ ನೀರಿನದಲ್ಲ. ಹಳೇ ವಿದ್ಯುತ್ ಸ್ಥಾವರದವರು ಕಲ್ಲಿದ್ದಲು ಸುಟ್ಟ ಬೂದಿಯನ್ನು ನೀರಲ್ಲಿ ಕಲಸಿ, ಪೈಪಿನಲ್ಲಿ ತಂದು ಸುರಿದ ಜಾಗ. ಸ್ಥಾವರ ಮುಚ್ಚಿತು, ಬೂದಿ ಮಾತ್ರ ಅಲ್ಲೇ ಕೂತಿದೆ. ಅಣ್ಣ ಅತ್ತಿಗೆ ಅದನ್ನು ಅಗೆದು ತಂದು, ಸುಣ್ಣ, ಜಿಪ್ಸಂ, ಕಲ್ಲುಪುಡಿ ಬೆರೆಸಿ ಇಟ್ಟಿಗೆ ಒತ್ತುತ್ತಾರೆ.

"ಅದರಲ್ಲಿ ಅಂಥದ್ದೇನಿದೆ?" ಅಂತ ನಾನೊಮ್ಮೆ ಮೂಗು ಮುರಿದಿದ್ದೆ.

"ಮರಳಲ್ಲಿರೋದೇ ಇದೆ, ಜೇಡಿಮಣ್ಣಲ್ಲಿರೋದೂ ಇದೆ. ಒಂಚೂರು ಕಬ್ಬಿಣ, ಸುಣ್ಣ, ಸುಡದೇ ಉಳಿದ ಇದ್ದಿಲು. ಆರ್ಸೆನಿಕ್, ಪಾದರಸ ಅಂತ ಚಿಟಿಕೆ ವಿಷಾನೂ ಇದೆ. ಇಟ್ಟಿಗೆ ಆಗಿ ಗಟ್ಟಿಯಾದ್ರೆ ಅದು ಹೆಚ್ಚುಕಮ್ಮಿ ಅಲ್ಲೇ ಕೂರುತ್ತೆ. ಹೀಗೇ ಬಿಟ್ರೆ ಬಾವಿಗೆ ಇಳಿಯುತ್ತೆ. ಈಗ ಮೂಗು ಮುರಿ, ನೋಡೋಣ," ಅಂದಿದ್ದಳು ಅತ್ತಿಗೆ.

ಆ ಕೆರೆಯಲ್ಲಿ ಪೈಪಿನ ಬಾಯಿ ಇದ್ದ ಕಡೆ ದಪ್ಪ ಬೂದಿ, ದೂರದ ತುದಿಯಲ್ಲಿ ನಯವಾದದ್ದು. ಇಟ್ಟಿಗೆಗೆ ನಯವಾದದ್ದೇ ಒಳ್ಳೆಯದು, ಆದರೆ ನೀರು ನಿಂತಿರೋದೂ ಅಲ್ಲೇ. ಮೇಲ್ಪದರ ಒಣಗಿ ಬಿರುಕು ಬಿಟ್ಟ ಕಡೆ ಕಾಲಿಡಬಹುದು. ನುಣ್ಣಗಿದ್ದರೆ ಕೆಳಗೆ ಕೆಸರು. ಕೆಲಸಗಾರರೆಲ್ಲ ನಂಬಿದ್ದು ಇದೊಂದೇ ಲೆಕ್ಕವನ್ನು.

ಆಮೇಲೆ ಧೂಳಿನ ಗಲಾಟೆ ಶುರುವಾಯ್ತು. ಸುತ್ತಲಿನ ಮನೆಯವರ ಬಟ್ಟೆ, ಕಿಟಕಿ, ಮಕ್ಕಳ ಮೂಗು, ಎಲ್ಲ ಬೂದಿ. ಅವರು ಕೂಗಾಡಿದ್ದು ನ್ಯಾಯವೇ. ಅಣ್ಣ ಟ್ಯಾಂಕರ್ ತರಿಸಿ ದಡದಲ್ಲೇ ನಿಲ್ಲಿಸಿಕೊಂಡು, ಉದ್ದನೆ ಪೈಪಿನಿಂದ ಕೆರೆ ಮೇಲೆ ನೀರು ಹೊಡೆಸಿದ. ಧೂಳು ಅಡಗಿತು. ಬಿರುಕುಗಳೂ ಮುಚ್ಚಿಹೋದವು. ಇಡೀ ಕೆರೆ ಸಾರಿಸಿದ ಅಂಗಳದ ಹಾಗೆ ನುಣ್ಣಗೆ!

ಮರುದಿನ ಬೆಳಿಗ್ಗೆ ನಾನು ತಿಂಡಿ ಡಬ್ಬಿ ಕೊಡೋಕೆ ಹೋದಾಗ ಅವರಿಬ್ಬರ ವಾಗ್ವಾದ ನಡೀತಿತ್ತು.

"ಒಣಗಲಿ ರೀ, ಕಾಯೋಣ. ನನಗೇನೂ ಕಾಣ್ತಿಲ್ಲ," ಅಂದಳು ಅತ್ತಿಗೆ.

"ಅಲ್ಲೇ ಹತ್ತಾರು ಸಲ ಓಡಾಡಿದೀನಿ. ಟ್ರ್ಯಾಕ್ಟರಿಗೆ ದಾರಿ ನೋಡಿ ಬರ್ತೀನಿ," ಅಂತ ಅಣ್ಣ ಹೊರಟೇಬಿಟ್ಟ. ನಮ್ಮ ಮನೆತನದ ಹಟ, ಬಿಡಿ. ನನ್ನಲ್ಲೂ ಇದೆ.

ದೂರದ ತುದಿ ತಲುಪಿ ನಮ್ಮ ಕಡೆ ತಿರುಗಿ ಕೈ ಬೀಸಿದ. ಬೀಸಿದ ಕೈ ಮೇಲಿದ್ದ ಹಾಗೇ ಅಣ್ಣ ಗಿಡ್ಡನಾದ.

ಆಗಲೇ ತೊಡೆವರೆಗೆ ಹೋಗಿದ್ದ. ಒದ್ದಾಡಿದಷ್ಟೂ ಇಳಿದ. ಸೊಂಟ ಮುಳುಗಿತು.

"ಅಲ್ಲಾಡಬೇಡ್ರೀ! ಹಿಂದಕ್ಕೆ ವಾಲಿ, ಮಲಗೋ ಹಾಗೆ!" ಅಂತ ಅತ್ತಿಗೆ ಕಿರುಚಿದಳು. ಎಲ್ಲರೂ ದಡ ಸುತ್ತಿ ಆ ತುದಿಗೆ ಓಡಿದೆವು. ಅವಳು ಇಟ್ಟಿಗೆ ಜೋಡಿಸೋ ಹಲಗೆಗಳನ್ನು ಬೂದಿ ಮೇಲೆ ಒಂದರ ಮುಂದೊಂದು ಎಸೆದು, ಅದರ ಮೇಲೆ ಹೊಟ್ಟೆ ಊರಿ ತೆವಳಿದಳು. ಟ್ರ್ಯಾಕ್ಟರಿನವನು ಸರಪಳಿ ಹಿಡಿದು ಬಂದ. "ಅಕ್ಕಾ, ಕಟ್ಟಿ! ಎಳೆದುಬಿಡ್ತೀನಿ!"

"ಎಳೆದ್ರೆ ಅರ್ಧ ಮನುಷ್ಯ ಬರ್ತಾನೆ ಅಷ್ಟೇ! ಟ್ಯಾಂಕರ್ ಪೈಪ್ ಕೊಡು!"

"ಅತ್ತಿಗೇ, ತಲೆ ಕೆಟ್ಟಿದೆಯಾ ನಿಂಗೆ? ಮುಳುಗ್ತಿರೋನಿಗೆ ನೀರು ಬಿಡ್ತೀಯಾ?" ಅಂತ ನಾನು ಬಾಯಿ ಬಡ್ಕೊಂಡೆ. ಸಿಕ್ಕಿದ್ದರೆ ಅವಳ ಜಡೆ ಹಿಡಿದು ಎಳೆದುಬಿಡ್ತಿದ್ದೆ, ದೇವರಾಣೆ.

ಅವಳು ತಿರುಗಿಯೂ ನೋಡಲಿಲ್ಲ. ಇಟ್ಟಿಗೆಗೆ ಬೂದಿ ಕಲಸೋ ಮಿಕ್ಸರಿನ ತಳದಲ್ಲಿ ಅದು ಕಚ್ಚಿಕೊಂಡಾಗ ದಿನಾ ನೀರು ನುಗ್ಗಿಸಿ ಬಿಡಿಸೋ ಹಾಗೇ ಮಾಡಿದಳು. ಆ ಬೂದಿಯ ಕಣಗಳು ಸಾಸಿವೆಯ ಹಾಗೆ ದುಂಡಗೆ. ಒತ್ತಿದರೆ ಒಂದಕ್ಕೊಂದು ಅಮರಿಕೊಳ್ಳುತ್ತವೆ, ನಡುವೆ ನೀರು ನುಗ್ಗಿದರೆ ಜಾರುತ್ತವೆ. ಪೈಪಿನ ತುದಿಯನ್ನು ಅಣ್ಣನ ತೊಡೆಯ ಪಕ್ಕದಲ್ಲಿ ಆಳಕ್ಕೆ ತುರುಕಿ, "ಬಿಡೋ ನೀರು!" ಅಂದಳು.

ನೀರು ಬಿದ್ದದ್ದೇ ತಡ, ಅಣ್ಣ ಇನ್ನೊಂದು ಗೇಣು ಇಳಿದ. ಎದೆಗೆ ಬಂತು. ಅವನ ಮುಖ ಬೂದಿಗಿಂತ ಬಿಳಿಚಿಕೊಂಡಿತು. "ಸಾಕು ಕಣೇ... ಉಸಿರು..." ಅಂದ. ಟ್ಯಾಂಕರಿನವನು ಹೆದರಿ ನೀರು ನಿಲ್ಲಿಸಿದ.

"ನಿಲ್ಲಿಸಬೇಡ!" ಅಂದಳು. ಆ ದನಿ ನನಗೆ ಈಗಲೂ ಕೇಳುತ್ತೆ. ಅಷ್ಟು ಭಯ ತುಂಬಿದ ದನಿ ನಾನು ಇನ್ನೆಲ್ಲೂ ಕೇಳಿಲ್ಲ.

ನೀರು ಮತ್ತೆ ಬಂತು. ಅಣ್ಣನ ಎಡಗಾಲು ಸಡಿಲಾಯ್ತು. ಅತ್ತಿಗೆ ಅವನ ಕಂಕುಳಿಗೆ ಕೈ ಹಾಕಿ ಹಲಗೆಯ ಮೇಲಕ್ಕೆ ವಾಲಿಸಿದಳು. ಆಮೇಲೆ ಬಲಗಾಲು. ಬೂಟು ಎರಡೂ ಕೆಳಗೇ ಉಳಿದವು. ದಡಕ್ಕೆ ಬಂದ ಮೇಲೆ ಅವಳು ಅಣ್ಣನ ಬೆನ್ನಿಗೆ ರಪರಪನೆ ಬಾರಿಸಿದಳು, ಆಮೇಲೆ ಅದೇ ಬೆನ್ನಿಗೆ ಮುಖ ಒತ್ತಿ ಗೊಳೋ ಅಂತ ಅತ್ತಳು. ನಾನೂ ಅತ್ತೆ.

ಅಣ್ಣನ ಮಂಡಿ ತಿರುಚಿಕೊಂಡಿತ್ತು, ಹಾಸಿಗೆ ಹಿಡಿದ. ಒಂದು ವಾರವೂ ಆಗಿರಲಿಲ್ಲ, ಅತ್ತಿಗೆ ಮತ್ತೆ ಕೆರೆಯ ದಡದಲ್ಲಿ! ಸೊಂಟಕ್ಕೆ ಹಗ್ಗ ಬಿಗಿದುಕೊಳ್ತಿದ್ದಳು. ನನಗೆ ಪಿತ್ತ ನೆತ್ತಿಗೇರಿತು.

"ನಿಂಗೆ ಬುದ್ಧಿ ಗಿದ್ದಿ ಇದೆಯಾ? ಹಾಳಾಗಿ ಹೋಗಲಿ ಆ ಬೂದಿ! ಬಿಟ್ಟು ಬಾ!"

"ಬಿಟ್ರೆ ಅದೆಲ್ಲಿಗೂ ಹೋಗಲ್ಲ ಕಣೇ. ಮೇಲೆ ಹುಲ್ಲು ಬೆಳೆಯುತ್ತೆ. ಯಾರ ಮನೆ ಮಗುವೋ ಆಡೋಕೆ ಬರುತ್ತೆ. ನುಣ್ಣಗಿದೆ, ಚೆನ್ನಾಗಿದೆ ಅಂತ ಓಡುತ್ತೆ."

ಮತ್ತೆ ಹಗ್ಗಕ್ಕೆ ಗಂಟು ಹಾಕೋಕೆ ಹೋದಳು. ಗಂಟು ಎರಡು ಸಲ ಜಾರಿತು.

"ಭಯ ಆಗ್ತಿಲ್ವಾ ನಿಂಗೆ?"

"ಆಗ್ತಿದೆ," ಅಂದಳು. "ಅದಕ್ಕೇ ಇದನ್ನ ಯಾರ ಕೈಗೆ ಕೊಡಲಿ ಅಂತ ನೋಡ್ತಿದ್ದೆ."

ಬೈಯೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಹಗ್ಗದ ಇನ್ನೊಂದು ತುದಿ ನನ್ನ ಕೈಗಿಟ್ಟು, ಅವಳು ಬೂದಿಗೆ ಇಳಿದಿದ್ದಳು.